ಹೆಸರು ಅವಳದ್ದು, ಮರೆ ಅವರಿಗೆ

ಹೋದ ದಸರಾ ರಜೆಗೆ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಡಿಗ್ರಿ ಕೊನೇ ವರ್ಷದ ಹುಡುಗಿ. ರಾತ್ರಿ ಊಟ ಮುಗಿಸಿ ನಾನು ಪಾತ್ರೆ ತೊಳೆಯುತ್ತಿದ್ದೆ, ಅವಳು ಒರೆಸಿ ಇಡುತ್ತಿದ್ದಳು. ತಟ್ಟೆಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ಚಿಕ್ಕಮ್ಮ, ಮೆರಿಲಿನ್ ಮನ್ರೋಗೆ ಅವಳ ಅಪ್ಪ ಗುಟ್ಟಾಗಿ ಕಾಗದ ಬರೀತಿದ್ದ ಅಲ್ವಾ? ಕೊನೆಗೆ ನೋಡಿದ್ರೆ ಅದನ್ನ ಬರೀತಿದ್ದೋನು ಅವಳ ಹಳೇ ಸ್ನೇಹಿತ. ಅಪ್ಪನೇ ಅಲ್ಲ. ಅದು ಗೊತ್ತಾದ ಮೇಲೇ ಅವಳು ಸತ್ತಿದ್ದು. ಪಾಪ."

"ಬ್ಲಾಂಡ್ ಸಿನಿಮಾ ನೋಡಿದ್ಯಾ?" ಎಂದೆ.

"ಹೂಂ. ನಿಜ ಕತೆ ಅಲ್ವಾ ಅದು?"

ಅವಳ ಮುಖದಲ್ಲಿ ನಿಜವಾದ ಸಂಕಟ ಇತ್ತು. ಆ ಕಾಗದಗಳು ಇರಲೇ ಇಲ್ಲ, ಅದೆಲ್ಲ ಒಬ್ಬ ಕಾದಂಬರಿಕಾರ್ತಿ ಕಟ್ಟಿದ್ದು ಎಂದು ಹೇಳಿದಾಗ ಅವಳಿಗೆ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. "ಹಾಗಿದ್ರೆ ಅವಳ ಹೆಸರೇ ಯಾಕೆ ಇಟ್ರು?"

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಜಾಯ್ಸ್ ಕ್ಯಾರಲ್ ಓಟ್ಸ್ ಅಮೆರಿಕದ ದೊಡ್ಡ ಲೇಖಕಿ. ಅವರ ‘ಬ್ಲಾಂಡ್’ ಕಾದಂಬರಿ ಬಂದಿದ್ದು 2000ದಲ್ಲಿ. ಏಳುನೂರು ಪುಟಕ್ಕೂ ಜಾಸ್ತಿ. ಹದಿಹರೆಯದ ನಾರ್ಮಾ ಜೀನ್‌ಳ, ಅಂದರೆ ಮುಂದೆ ಹಾಲಿವುಡ್ ತಾರೆ ಮೆರಿಲಿನ್ ಆದವಳ, ಒಂದು ಫೋಟೋ ಅವರ ಕಣ್ಣಿಗೆ ಬಿದ್ದಿತ್ತು. ಇನ್ನೂ ಹೊಂಬಣ್ಣ ಹಚ್ಚದ ಕೂದಲು, ಪಕ್ಕದ ಮನೆ ಹುಡುಗಿಯಂಥ ನಗು. ತಾವು ಬೆಳೆದ ಊರಿನ ಬಡ ಹುಡುಗಿಯರು ಅವರಿಗೆ ನೆನಪಾದರು. ಸ್ಟುಡಿಯೋದವರು ಆ ಹುಡುಗಿಗೆ ‘ಮೆರಿಲಿನ್ ಮನ್ರೋ’ ಅಂತ ಹೆಸರಿಡುವಲ್ಲಿಗೆ ನಿಲ್ಲುವ ಒಂದು ಸಣ್ಣ ಕತೆ ಬರೆಯೋಣ ಅಂದುಕೊಂಡವರು, ಅವಳು ಸಾಯುವವರೆಗೂ ಬರೆದರು. ಪುಸ್ತಕ ನ್ಯಾಷನಲ್ ಬುಕ್ ಅವಾರ್ಡ್ ಮತ್ತು ಪುಲಿಟ್ಜರ್, ಎರಡರ ಅಂತಿಮ ಸುತ್ತಿಗೂ ಬಂತು.

ಪುಸ್ತಕದ ಶುರುವಿನಲ್ಲೇ ಓಟ್ಸ್ ಹೇಳಿಬಿಟ್ಟಿದ್ದಾರೆ: ಇದು ಕಾದಂಬರಿ, ಒಂದು ಬದುಕನ್ನು ಭಟ್ಟಿ ಇಳಿಸಿದ್ದು. ನಾರ್ಮಾ ಜೀನ್ ಬೆಳೆದ ಹಲವು ಸಾಕುಮನೆಗಳ ಬದಲು ಇಲ್ಲಿ ಒಂದೇ ಸಾಕುಮನೆ ಇದೆ. ಹಲವು ಪ್ರೇಮಿಗಳ ಬದಲು ಆರಿಸಿದ ಕೆಲವರು. ನಿಜ ಸಂಗತಿ ಬೇಕಾದವರು ಜೀವನಚರಿತ್ರೆ ಓದಿಕೊಳ್ಳಿ ಅನ್ನುವ ಸೂಚನೆಯೂ ಇದೆ. ಓಟ್ಸ್ ಯಾರಿಗೂ ಸುಳ್ಳು ಹೇಳಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಆ ಒಂದು ಪುಟ ಎಷ್ಟು ದೂರ ಹೋಗುತ್ತದೆ? ಪುಸ್ತಕ ಸಿನಿಮಾ ಆಗುತ್ತದೆ. ಸಿನಿಮಾ ತುಣುಕುಗಳಾಗಿ ಫೋನಿನಲ್ಲಿ ಓಡುತ್ತದೆ. ಅಡುಗೆಮನೆಯಲ್ಲಿ ತಟ್ಟೆ ಒರೆಸುವ ಹುಡುಗಿಯ ಹತ್ತಿರ ಬರುವ ಹೊತ್ತಿಗೆ ಆ ಪುಟ ಎಲ್ಲೋ ಉದುರಿಹೋಗಿರುತ್ತದೆ, ಕತೆ ಮಾತ್ರ ಬಂದಿರುತ್ತದೆ.

ಅಕ್ಕನ ಮಗಳ ಪ್ರಶ್ನೆಯನ್ನು ಇಟ್ಟುಕೊಂಡು ಕಾದಂಬರಿಯನ್ನು ಮತ್ತೆ ತೆಗೆದಾಗ ನನಗೆ ಮೊದಲು ಕಣ್ಣಿಗೆ ಹೊಡೆದದ್ದು ಹೆಸರುಗಳು. ಮೆರಿಲಿನ್ ಮದುವೆಯಾಗಿದ್ದ ಬೇಸ್‌ಬಾಲ್ ಆಟಗಾರ ಜೋ ಡಿಮ್ಯಾಜಿಯೋ ಇಲ್ಲಿ ಬರೀ ‘ಮಾಜಿ ಕ್ರೀಡಾಪಟು’. ನಾಟಕಕಾರ ಆರ್ಥರ್ ಮಿಲ್ಲರ್ ಬರೀ ‘ನಾಟಕಕಾರ’. ಜಾನ್ ಕೆನಡಿ ಬರೀ ‘ಅಧ್ಯಕ್ಷ’. ಅವಳ ಮೇಲೆ ಬಲಾತ್ಕಾರ ಮಾಡುವ ಸ್ಟುಡಿಯೋ ಯಜಮಾನ ‘ಮಿಸ್ಟರ್ ಝಡ್’. ಮೊದಲ ಗಂಡ ಜೇಮ್ಸ್ ಡೋಹರ್ಟಿಗೆ ಬೇರೆಯದೇ ಹೆಸರು. ಅವಳು ಮಾತ್ರ ನಾರ್ಮಾ ಜೀನ್, ಅವಳು ಮಾತ್ರ ಮೆರಿಲಿನ್ ಮನ್ರೋ. ಅವಳ ಅಮ್ಮ ಗ್ಲ್ಯಾಡಿಸ್‌ಗೂ ನಿಜ ಹೆಸರೇ.

ಇದಕ್ಕೆ ಸಾಹಿತ್ಯದ ಕಾರಣ ಹೇಳಬಹುದು. ಆ ಗಂಡಸರು ಅವಳ ಕನಸಿನ ಪಾತ್ರಗಳು, ಪುರಾಣದ ರಾಜಕುಮಾರರ ಹಾಗೆ, ಹೆಸರಿಗಿಂತ ಪದವಿ ದೊಡ್ಡದು ಅಂತ. ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಆ ವರ್ಷ ಯಾರು ಬದುಕಿದ್ದರು ಅಂತಲೂ ನೋಡಬೇಕು. ಪುಸ್ತಕ ಬಂದಾಗ ಮಿಲ್ಲರ್ ಬದುಕಿದ್ದರು, ಡೋಹರ್ಟಿ ಬದುಕಿದ್ದರು, ಇಬ್ಬರೂ ತೀರಿಕೊಂಡಿದ್ದು 2005ರಲ್ಲಿ. ಡಿಮ್ಯಾಜಿಯೋ ಕಣ್ಣು ಮುಚ್ಚಿ ಒಂದು ವರ್ಷ ಆಗಿತ್ತಷ್ಟೇ. ಮೆರಿಲಿನ್ ಸತ್ತು 38 ವರ್ಷ ಆಗಿತ್ತು. ಅಮೆರಿಕದ ಕಾನೂನಿನಲ್ಲಿ ಸತ್ತವರ ಪರವಾಗಿ ಮಾನನಷ್ಟದ ಕೇಸು ಹಾಕಲು ಬರುವುದಿಲ್ಲ. ನಿಜ ಹೆಸರಿನಲ್ಲೇ ಬಂದ ಗಂಡಸರೂ ಇದ್ದಾರೆ. ಚಾಪ್ಲಿನ್‌ನ ಮಗ, ಮತ್ತು ನಟ ಎಡ್ವರ್ಡ್ ಜಿ. ರಾಬಿನ್ಸನ್‌ನ ಮಗ. ಇಬ್ಬರೂ ಆ ಹೊತ್ತಿಗೆ ಸತ್ತವರೇ. ಈ ಇಬ್ಬರ ಜೊತೆ ಮೆರಿಲಿನ್ ಒಟ್ಟಿಗೆ ಬಾಳುವ ಭಾಗ ಪೂರ್ತಿ ಕಲ್ಪನೆ. ಸಿನಿಮಾದಲ್ಲಿ ಚಾಪ್ಲಿನ್‌ನ ಮಗ ಅವಳಿಗಿಂತ ಮೊದಲೇ ಸಾಯುತ್ತಾನೆ. ನಿಜದಲ್ಲಿ ಅವನು ಸತ್ತಿದ್ದು 1968ರಲ್ಲಿ, ಅವಳು ಹೋಗಿ ಆರು ವರ್ಷದ ಮೇಲೆ.

ಬದುಕಿರುವ ಗಂಡಸಿಗೆ ಮರೆ ಬೇಕು, ಸತ್ತ ಹೆಂಗಸಿಗೆ ಬೇಡ. ನನ್ನನ್ನು ಚುಚ್ಚುವುದು ಇದು.

ಮಿಲ್ಲರ್ ಕೂಡ ಇದನ್ನೇ ಬೇರೆ ರೀತಿಯಲ್ಲಿ ಮಾಡಿದ್ದರು. ಮೆರಿಲಿನ್ ಸತ್ತು ಒಂದೂವರೆ ವರ್ಷವೂ ಆಗಿರಲಿಲ್ಲ, 1964ರ ಜನವರಿಯಲ್ಲಿ ಅವರ ‘ಆಫ್ಟರ್ ದಿ ಫಾಲ್’ ನಾಟಕ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂತು. ಅದರಲ್ಲಿ ಮ್ಯಾಗಿ ಅನ್ನುವ ಗಾಯಕಿ, ಮಾತ್ರೆ ನುಂಗಿ ನುಂಗಿ ಕುಸಿಯುವವಳು. ಹೆಸರು ಬೇರೆ, ಆದರೆ ನೋಡಿದವರಿಗೆಲ್ಲ ಯಾರೆಂದು ಗೊತ್ತಾಯಿತು. ಹೆಸರು ಬದಲಾಯಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಅನ್ನುವುದಕ್ಕೆ ಈ ಮಾತು ಹೇಳಿದೆ.

ಈಗ ಆ ಅಪ್ಪನ ವಿಷಯ. ಮೆರಿಲಿನ್ ಹುಟ್ಟಿದ್ದು 1926ರ ಜೂನ್ 1, ಲಾಸ್ ಏಂಜಲೀಸ್‌ನಲ್ಲಿ. ಅಮ್ಮ ಗ್ಲ್ಯಾಡಿಸ್ ಸಿನಿಮಾ ಲ್ಯಾಬಿನಲ್ಲಿ ನೆಗೆಟಿವ್ ಕತ್ತರಿಸುವ ಕೆಲಸದಲ್ಲಿದ್ದಳು. ಅದೇ ಕಡೆ ಮೇಲಿನ ಹುದ್ದೆಯಲ್ಲಿದ್ದ ಚಾರ್ಲ್ಸ್ ಸ್ಟ್ಯಾನ್ಲಿ ಗಿಫರ್ಡ್ ತನ್ನಪ್ಪ ಅಂತ ಮೆರಿಲಿನ್ ನಂಬಿದ್ದಳು. ಅವನು ಒಪ್ಪಿಕೊಳ್ಳಲಿಲ್ಲ. 2022ರಲ್ಲಿ ಅವಳ ಕೂದಲಿನಿಂದ ಮಾಡಿದ ಡಿಎನ್‌ಎ ಪರೀಕ್ಷೆ ಅವಳು ನಂಬಿದ್ದೇ ಸರಿ ಅಂತ ತೋರಿಸಿತು. ಸತ್ತು ಅರವತ್ತು ವರ್ಷದ ಮೇಲೆ.

ಅವಳಿಗೆ ನಿಜವಾಗಿ ಕಾಗದ ಬರೆಯುತ್ತಿದ್ದವಳು ಒಬ್ಬಳಿದ್ದಳು. ಗ್ಲ್ಯಾಡಿಸ್‌ಳ ಮೊದಲ ಮದುವೆಯ ಮಗಳು, ಮೆರಿಲಿನ್‌ಗಿಂತ ಏಳು ವರ್ಷ ದೊಡ್ಡವಳು, ಬರ್ನೀಸ್. ತನಗೊಬ್ಬ ಅಕ್ಕ ಇದ್ದಾಳೆ ಅಂತ ನಾರ್ಮಾ ಜೀನ್‌ಗೆ ಗೊತ್ತಾಗಿದ್ದೇ ಹನ್ನೆರಡರ ಆಸುಪಾಸಿನಲ್ಲಿ. ಇಬ್ಬರೂ ಕಾಗದ ಬರೆದುಕೊಂಡರು, 1944ರಲ್ಲಿ ಮೊದಲ ಸಲ ಮುಖ ನೋಡಿದರು, ಕೊನೆಯವರೆಗೂ ಸಂಬಂಧ ಇಟ್ಟುಕೊಂಡರು. ತಂಗಿಯ ಶವಸಂಸ್ಕಾರಕ್ಕೆ ಓಡಿಬಂದು ನಿಂತವಳೂ ಈ ಅಕ್ಕನೇ. ಸಿನಿಮಾದಲ್ಲಿ ಬರ್ನೀಸ್ ಇಲ್ಲ. ಇಲ್ಲದ ಅಪ್ಪನ ಕಾಗದಕ್ಕೆ ಜಾಗ ಸಿಕ್ಕಿತು, ಇದ್ದ ಅಕ್ಕನ ಕಾಗದಕ್ಕೆ ಸಿಗಲಿಲ್ಲ. ಯಾಕೆ? ಅಕ್ಕ ಇದ್ದರೆ ಅವಳು ಪೂರ್ತಿ ಒಂಟಿ ಆಗುವುದಿಲ್ಲ. ಈ ಕತೆಗೆ ಅವಳು ಪೂರ್ತಿ ಒಂಟಿ ಆಗಲೇಬೇಕು.

ಕಲ್ಪನೆಯನ್ನೇ ದೂರುತ್ತಿದ್ದೇನೆ ಅಂದುಕೊಳ್ಳಬೇಡಿ. ಕಾದಂಬರಿಯಲ್ಲಿ ನನಗೆ ತುಂಬ ಇಷ್ಟವಾದ ಜಾಗವೂ ಕಲ್ಪನೆಯದೇ. ನಾಟಕಕಾರ ತನ್ನ ಹಳೆಯ ಪ್ರೇಮವನ್ನಿಟ್ಟುಕೊಂಡು ಮ್ಯಾಗ್ಡಾ ಅನ್ನುವ ಹುಡುಗಿಯ ಪಾತ್ರ ಬರೆದಿರುತ್ತಾನೆ. ಮೆರಿಲಿನ್ ಅದನ್ನು ಓದಿ ಬಂದು ಅಳುಕುತ್ತಾ ಮಾತಾಡುತ್ತಾಳೆ. ಈ ಹುಡುಗಿಗೆ ಓದು ಬರುವುದಿಲ್ಲವೇನೋ, ಅವನು ಕೊಟ್ಟ ಬರವಣಿಗೆಯನ್ನು ಅವಳು ಓದಿದ ಹಾಗೆ ನಟಿಸುತ್ತಿದ್ದಳೇನೋ ಅನ್ನುತ್ತಾಳೆ. ಚೆಕಾಫ್‌ನ ‘ಮೂವರು ಸೋದರಿಯರು’ ನಾಟಕದ ನತಾಶಾ ನೆನಪಾದಳು ಅನ್ನುತ್ತಾಳೆ. ನಾಟಕಕಾರನಿಗೆ ಮೊದಲು ಅನುಮಾನ, ಯಾರೋ ಹೇಳಿಕೊಟ್ಟಿದ್ದಾರೆ ಅಂತ. ಆಮೇಲೆ ಕಣ್ಣು ಒದ್ದೆಯಾಗುತ್ತದೆ. ಇಷ್ಟು ವರ್ಷ ಅವನಿಗೇ ಹೊಳೆಯದ ಸತ್ಯ ಅದು. ಈ ಮಾತುಕತೆ ನಡೆದಿದ್ದಕ್ಕೆ ಯಾವ ದಾಖಲೆಯೂ ಬೇಕಿಲ್ಲ. ಅದು ಅವಳಿಗೆ ಏನನ್ನೋ ಕೊಡುತ್ತದೆ. ಒಂದು ಬುದ್ಧಿ, ಓದಿನ ಹಸಿವು, ತನ್ನಂಥ ಹುಡುಗಿಯ ನಾಚಿಕೆಯನ್ನು ಗುರುತಿಸುವ ಕಣ್ಣು. ನಿಜವಾದ ಮೆರಿಲಿನ್ ಹಾಗೇ ಇದ್ದಳು. 1955ರಲ್ಲಿ ಛಾಯಾಗ್ರಾಹಕಿ ಈವ್ ಆರ್ನಾಲ್ಡ್ ತೆಗೆದ ಒಂದು ಫೋಟೋ ಇದೆ. ಮಕ್ಕಳು ಆಡುವ ಮೈದಾನದಲ್ಲಿ ಈಜುಡುಗೆ ತೊಟ್ಟು ಕೂತು, ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ನ ಕೊನೆಯ ಪುಟಗಳನ್ನು ಓದುತ್ತಿದ್ದಾಳೆ. ಸುಮ್ನೆ ಪೋಸು ಅಂತ ಜನ ಆಡಿಕೊಂಡರು. ಪುಸ್ತಕವನ್ನು ಕಾರಿನಲ್ಲೇ ಇಟ್ಟುಕೊಂಡು ಬಹಳ ದಿನದಿಂದ ಓದುತ್ತಿದ್ದಳು ಅಂತ ಆರ್ನಾಲ್ಡ್ ಹೇಳಿದರು. 1999ರಲ್ಲಿ ಅವಳ ಸಾಮಾನು ಹರಾಜಿಗೆ ಬಂದಾಗ ಅದರಲ್ಲಿ ಸುಮಾರು ನಾನೂರು ಪುಸ್ತಕ ಇದ್ದವು.

ಹಾಗಾದರೆ ತೊಂದರೆ ಎಲ್ಲಿ? ಕಲ್ಪನೆ ಯಾವ ಕಡೆಗೆ ಜಾಸ್ತಿ ಹರಿಯಿತು ಅನ್ನುವುದರಲ್ಲಿ. ಏಳುನೂರು ಪುಟದ ಉದ್ದಕ್ಕೂ ಅವಳ ಮೇಲೆ ಏನೇನೋ ಆಗುತ್ತಾ ಹೋಗುತ್ತದೆ. ಅವಳು ತಾನಾಗಿ ಮಾಡಿದ್ದು ಕಡಿಮೆ.

ಅವಳು ಮಾಡಿದ್ದೇನು? 1944ರ ಹೊತ್ತಿಗೆ ಗಂಡ ನೌಕೆಯಲ್ಲಿ ದೂರ ಹೋಗಿದ್ದಾಗ ವಿಮಾನದ ಕಾರ್ಖಾನೆಯಲ್ಲಿ ಕೂಲಿಗೆ ನಿಂತಳು. ಅಲ್ಲಿಗೆ ಯುದ್ಧಕಾಲದ ಹೆಣ್ಣು ಕಾರ್ಮಿಕರ ಚಿತ್ರ ತೆಗೆಯಲು ಬಂದವನೇ ಅವಳನ್ನು ಮಾಡೆಲಿಂಗ್‌ಗೆ ತಂದ ಮೊದಲ ಫೋಟೋ ತೆಗೆದದ್ದು. 1949ರಲ್ಲಿ ಕೈಯಲ್ಲಿ ಕಾಸಿಲ್ಲದೆ 50 ಡಾಲರಿಗೆ ಬೆತ್ತಲೆ ಕ್ಯಾಲೆಂಡರ್ ಚಿತ್ರಕ್ಕೆ ಒಪ್ಪಿಕೊಂಡಳು. 1952ರಲ್ಲಿ ಅದು ಬಯಲಾದಾಗ ಸ್ಟುಡಿಯೋ ಗಾಬರಿಯಾಯಿತು. ಅವಳು ಮುಚ್ಚಿಡಲಿಲ್ಲ. ಹೌದು, ಅದು ನಾನೇ, ದುಡ್ಡು ಬೇಕಿತ್ತು ಅಂದಳು. ಜನ ಅವಳನ್ನು ಇನ್ನಷ್ಟು ಹಚ್ಚಿಕೊಂಡರು. 1953ರ ಜನವರಿಯಲ್ಲಿ ಒಂದು ಸಿನಿಮಾ ಪತ್ರಿಕೆಯಲ್ಲಿ ‘ನಾನು ಕಂಡ ತೋಳಗಳು’ ಅನ್ನುವ ಅರ್ಥದ ಶೀರ್ಷಿಕೆಯಲ್ಲಿ ಅವಳ ಹೆಸರಿನಲ್ಲಿ ಲೇಖನ ಬಂತು, ಹಾಲಿವುಡ್‌ನ ಗಂಡಸರು ಹೊಸ ಹುಡುಗಿಯರ ಮೇಲೆ ಹೇಗೆ ಬೀಳುತ್ತಾರೆ ಅಂತ. 2017ರಲ್ಲಿ ಮೀ ಟೂ ಅಲೆ ಏಳುವುದಕ್ಕೆ ಅರವತ್ತು ವರ್ಷಕ್ಕೂ ಮೊದಲು.

ನನಗೆ ಬಹಳ ದೊಡ್ಡದು ಅನಿಸುವುದು ಇದು. 20ನೇ ಸೆಂಚುರಿ ಫಾಕ್ಸ್ ಜೊತೆ ಅವಳಿಗೆ ಏಳು ವರ್ಷದ ಕರಾರಿತ್ತು. ಕೊಟ್ಟ ಪಾತ್ರ ಮಾಡಬೇಕು, ವಾರದ ಸಂಬಳ ತೆಗೆದುಕೊಳ್ಳಬೇಕು, ಅಷ್ಟೇ. 1954ರ ಶುರುವಿನಲ್ಲಿ ಒಪ್ಪದ ಚಿತ್ರದ ಸೆಟ್ಟಿಗೆ ಹೋಗದೆ ಸಸ್ಪೆಂಡ್ ಆದಳು. ಆ ವರ್ಷದ ಕೊನೆಗೆ ಹಾಲಿವುಡ್ ಬಿಟ್ಟು ನ್ಯೂಯಾರ್ಕಿಗೆ ಹೋದಳು. ಛಾಯಾಗ್ರಾಹಕ ಮಿಲ್ಟನ್ ಗ್ರೀನ್ ಜೊತೆ ಸೇರಿ ‘ಮೆರಿಲಿನ್ ಮನ್ರೋ ಪ್ರೊಡಕ್ಷನ್ಸ್’ ಶುರು ಮಾಡಿದಳು. ಪತ್ರಿಕೆಗಳು ಗೇಲಿ ಮಾಡಿದವು. ಒಂದು ವರ್ಷ ಜಗ್ಗಾಡಿ ಕೊನೆಗೆ ಮಣಿದದ್ದು ಸ್ಟುಡಿಯೋ. 1955ರ ಡಿಸೆಂಬರ್ 31ರ ಹೊಸ ಕರಾರಿನಲ್ಲಿ ಚಿತ್ರಕ್ಕೆ ಒಂದು ಲಕ್ಷ ಡಾಲರ್, ನಿರ್ದೇಶಕ ಯಾರಾಗಬೇಕು ಅಂತ ಒಪ್ಪುವ ಬಿಡುವ ಹಕ್ಕು, ತನ್ನ ಕಂಪನಿಯಲ್ಲಿ ಚಿತ್ರ ಮಾಡುವ ಬಿಡುವು. ಆಗ ಅವಳಿಗೆ 29 ವರ್ಷ. ಅನಾಥಾಶ್ರಮದಲ್ಲಿದ್ದು ಬಂದ, ಹೈಸ್ಕೂಲು ಮುಗಿಸದ ಹುಡುಗಿ. ಇದು ಕಾದಂಬರಿಗೆ ಸಾಲದ ವಸ್ತುವೇ? ಪುಸ್ತಕ ಇದರ ಮೇಲೆ ನಿಲ್ಲುವುದಿಲ್ಲ, ಸಿನಿಮಾದಲ್ಲಂತೂ ಈ ಕಂಪನಿಯ ಸುಳಿವೇ ಇಲ್ಲ.

ಆಂಡ್ರ್ಯೂ ಡಾಮಿನಿಕ್ ನಿರ್ದೇಶನದ ಆ ಸಿನಿಮಾ ನೆಟ್‌ಫ್ಲಿಕ್ಸ್‌ಗೆ ಬಂದಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಮುಖ್ಯ ಪಾತ್ರದಲ್ಲಿ ಅನಾ ಡಿ ಆರ್ಮಾಸ್. ಅವಳ ನಟನೆಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಅದೇ ಸಿನಿಮಾಗೆ ವರ್ಷದ ಅತಿ ಕೆಟ್ಟ ಚಿತ್ರ ಅನ್ನುವ ರಾಝಿ ಕೂಡ ಸಿಕ್ಕಿತು. ಎರಡೂ ನನಗೆ ಅರ್ಥವಾಗುತ್ತದೆ. ಓಟ್ಸ್ ಮಾತ್ರ ಸಿನಿಮಾದ ಪರ ನಿಂತರು. ಕಾದಂಬರಿಯಲ್ಲಿ ಅವಳ ತಲೆಯೊಳಗೆ ಓಡುವ ಮಾತು ನಮಗೆ ಕೇಳುತ್ತಿರುತ್ತದೆ. ಎಷ್ಟೇ ಏಟು ಬಿದ್ದರೂ ಆ ದನಿ ಇರುತ್ತದೆ. ಕ್ಯಾಮೆರಾಗೆ ಆ ದನಿ ಹಿಡಿಯುವುದು ಕಷ್ಟ, ಹಾಗಾಗಿ ಏಟು ತಿನ್ನುವ ಮೈ ಮಾತ್ರ ಉಳಿಯಿತು.

ಗರ್ಭಪಾತದ ದೃಶ್ಯಗಳ ಬಗ್ಗೆ ಹೇಳಲೇಬೇಕು. ಸಿನಿಮಾದಲ್ಲಿ ಹೊಟ್ಟೆಯೊಳಗಿನ ಭ್ರೂಣ ಅವಳ ಜೊತೆ ಮಾತಾಡುತ್ತದೆ, ಹೋದ ಸಲ ನನಗೇನು ಮಾಡಿದೆ ಅಂತ ಕೇಳುತ್ತದೆ. ಮೆರಿಲಿನ್ ಗರ್ಭಪಾತ ಮಾಡಿಸಿಕೊಂಡಿದ್ದಳು ಅನ್ನುವುದಕ್ಕೆ ನಂಬಬಹುದಾದ ದಾಖಲೆ ಇಲ್ಲ. ಇರುವ ದಾಖಲೆ ಬೇರೆ. ಅವಳಿಗೆ ಎಂಡೋಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆಯುವ ಕಾಯಿಲೆ, ಇತ್ತು, ಮುಟ್ಟಿನ ಹೊಟ್ಟೆನೋವು ಜೀವ ಹಿಂಡುತ್ತಿತ್ತು. ಮಕ್ಕಳು ಬೇಕು ಅಂತ ಹಂಬಲಿಸಿದ್ದಳು. 1957ರಲ್ಲಿ ಗರ್ಭ ನಾಳದಲ್ಲಿ ನಿಂತು ಆಪರೇಷನ್ ಆಯಿತು. 1958ರ ಡಿಸೆಂಬರ್‌ನಲ್ಲಿ ಇನ್ನೊಂದು ತಾನಾಗಿ ಇಳಿದುಹೋಯಿತು. ಮಗು ಉಳಿಯದೆ ಹೋದ ಹೆಂಗಸಿನ ದುಃಖವನ್ನು ಅವಳದೇ ತಪ್ಪು ಅನ್ನುವ ಕತೆಯಾಗಿ ತಿರುಗಿಸಿದ್ದು ನನಗೆ ಸಹಿಸಲಾಗಲಿಲ್ಲ. ಅದೂ ಯಾವಾಗ? ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ಕಿತ್ತುಹಾಕಿದ್ದು ಅದೇ 2022ರ ಜೂನ್‌ನಲ್ಲಿ. ಅಲ್ಲಿ ಗರ್ಭಪಾತದ ಸೇವೆ ಕೊಡುವ, ಆ ಹಕ್ಕಿನ ಪರ ನಿಲ್ಲುವ ಪ್ಲಾನ್ಡ್ ಪೇರೆಂಟ್‌ಹುಡ್ ಸಂಸ್ಥೆ ಬಹಿರಂಗವಾಗಿಯೇ ಈ ದೃಶ್ಯಗಳನ್ನು ಟೀಕಿಸಿತು.

ಕಾನೂನು ಏನನ್ನುತ್ತದೆ? ಬದುಕಿದ್ದರೂ ಅವಳು ಗೆಲ್ಲುತ್ತಿದ್ದಳು ಅಂತ ಹೇಳಲಾಗದು. ಒಲಿವಿಯಾ ಡಿ ಹ್ಯಾವಿಲಂಡ್ ಕೇಸು ನೋಡಿ. 1940ರ ದಶಕದಲ್ಲಿ ಸ್ಟುಡಿಯೋದ ಏಳು ವರ್ಷದ ಕರಾರಿನ ವಿರುದ್ಧ ಕೋರ್ಟಿಗೆ ಹೋಗಿ ಗೆದ್ದ ನಟಿ. ಆ ತೀರ್ಪನ್ನು ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. 2017ರಲ್ಲಿ ಒಂದು ಟಿವಿ ಸರಣಿ ಅವರ ಬಾಯಲ್ಲಿ ತಂಗಿಯನ್ನು ಬೈಯುವ ಮಾತು ಹಾಕಿತ್ತು. ನನ್ನನ್ನು ಯಾರೂ ಕೇಳಿಲ್ಲ, ನಾನು ಹಾಗೆ ಮಾತಾಡುವವಳಲ್ಲ ಅಂತ ಅವರು ಕೇಸು ಹಾಕಿದರು. ಮಾರನೇ ದಿನ ಅವರಿಗೆ 101 ವರ್ಷ ತುಂಬಿತು. ಮೇಲ್ಮನವಿ ಕೋರ್ಟ್ 2018ರಲ್ಲಿ ಸರಣಿಯವರ ಪರ ತೀರ್ಪು ಕೊಟ್ಟಿತು. ನಿಜ ವ್ಯಕ್ತಿಗಳ ಬಗ್ಗೆ ಕತೆ ಕಟ್ಟಲು ಅವರ ಅಪ್ಪಣೆ ಬೇಕಿಲ್ಲ ಅಂತ.

ಹಾಗಂತ ಸತ್ತವರ ಹೆಸರಿಗೆ ಬೆಲೆ ಇಲ್ಲ ಅಂತಲ್ಲ. ದುಡ್ಡಿನ ಲೆಕ್ಕದಲ್ಲಿ ಬಹಳ ಇದೆ. ಕೆನಡಿ ಹುಟ್ಟುಹಬ್ಬಕ್ಕೆ ಅವಳು ಹಾಡಿದಾಗ ತೊಟ್ಟಿದ್ದ ಉಡುಪು 2016ರಲ್ಲಿ 48 ಲಕ್ಷ ಡಾಲರಿಗೆ ಹೋಯಿತು. ಕಲಾವಿದ ಆಂಡಿ ವಾರ್ಹಾಲ್ ಮಾಡಿದ ಅವಳ ಮುಖದ ಒಂದು ಚಿತ್ರ 2022ರ ಮೇನಲ್ಲಿ 19.5 ಕೋಟಿ ಡಾಲರಿಗೆ. ಅವಳ ಹೆಸರಿನ ಟ್ರೇಡ್‌ಮಾರ್ಕ್ ಒಂದು ಕಂಪನಿಯ ಕೈಯಲ್ಲಿದೆ. ಅವಳ ಮುಖ ಮಗ್ಗಿನ ಮೇಲೆ ಬರಬೇಕಾದರೆ ಕೇಳುವವರಿದ್ದಾರೆ. ಅವಳ ಮೇಲೆ ಬಲಾತ್ಕಾರದ ದೃಶ್ಯ ಬರೆಯಬೇಕಾದರೆ ಕೇಳುವವರಿಲ್ಲ.

ನಮ್ಮ ದೇಶದಲ್ಲಿ ಸ್ವಲ್ಪ ಬೇರೆ. ಸತ್ತವರ ಮೇಲಿನ ಆರೋಪ ಅವರ ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾದರೆ ಅದೂ ಮಾನನಷ್ಟ ಆಗಬಹುದು ಅಂತ ಹಳೆಯ ಐಪಿಸಿಯಲ್ಲೂ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲೂ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದ ಕೇಸು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಆದರೆ ಆ ಹಕ್ಕು ಸಾವಿನ ಆಚೆಗೆ ಹೋಗುತ್ತದೆಯೇ?

ಮೇಲುಕೋಟೆಯಲ್ಲಿ ಹುಟ್ಟಿ, 1964ರಲ್ಲಿ ಕನ್ನಡದ ‘ಚಿನ್ನದ ಗೊಂಬೆ’ಯಲ್ಲಿ ನಾಯಕಿಯಾದ ಜಯಲಲಿತಾ ಅವರ ವಿಷಯದಲ್ಲಿ ಈ ಪ್ರಶ್ನೆ ಕೋರ್ಟಿಗೆ ಬಂತು. ಅವರ ಬದುಕನ್ನು ನೆನಪಿಸುವ ಒಂದು ಕಾದಂಬರಿಯಿಂದ 2019ರಲ್ಲಿ ‘ಕ್ವೀನ್’ ವೆಬ್ ಸರಣಿ ಬಂತು. ಪಾತ್ರಗಳ ಹೆಸರು ಬೇರೆ. ‘ತಲೈವಿ’ ಸಿನಿಮಾ ನಿಜ ಹೆಸರಿನಲ್ಲೇ ತಯಾರಾಗುತ್ತಿತ್ತು. ಸೊಸೆ, ಅಂದರೆ ಅಣ್ಣನ ಮಗಳು ದೀಪಾ ಜಯಕುಮಾರ್ ತಡೆ ಕೇಳಿದರು. ಒಬ್ಬರು ಬದುಕಿದ್ದಾಗ ಪಡೆದ ಖಾಸಗಿತನ ಅವರ ಸಾವಿನೊಂದಿಗೇ ಮುಗಿಯುತ್ತದೆ, ಅದು ಆಸ್ತಿಯ ಹಾಗೆ ವಾರಸುದಾರರಿಗೆ ಬರುವುದಿಲ್ಲ ಅಂತ ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು. ನಟ ಸುಶಾಂತ್ ಸಿಂಗ್ ರಜಪೂತ್ ತಂದೆಗೂ ದೆಹಲಿ ಹೈಕೋರ್ಟಿನಲ್ಲಿ ಹೆಚ್ಚು ಕಡಿಮೆ ಇದೇ ಉತ್ತರ ಸಿಕ್ಕಿತು.

ಕೋರ್ಟು ಬೇರೆ ಏನು ಹೇಳಬೇಕಿತ್ತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಮನೆಯವರ ಅಪ್ಪಣೆ ಕಡ್ಡಾಯ ಅಂದರೆ ಹೊಗಳಿಕೆಯ ಪುಸ್ತಕ ಮಾತ್ರ ಉಳಿಯುತ್ತವೆ. ಕಾದಂಬರಿ ನಿಷೇಧಿಸಿ ಅನ್ನುವ ದನಿಗೆ ನಾನು ಯಾವತ್ತೂ ಸೇರುವುದಿಲ್ಲ. ನನಗೆ ಬೇಕಾದದ್ದು ಓದುವವರು, ವಿಮರ್ಶೆ ಬರೆಯುವವರು ಎರಡು ಪ್ರಶ್ನೆ ಕೇಳುವುದು. ಹೆಸರು ಯಾರದು ಇಟ್ಟಿದ್ದೀರಿ, ಯಾರದು ಮುಚ್ಚಿದ್ದೀರಿ? ಅವಳ ಕೆಲಸಕ್ಕೆ ಎಷ್ಟು ಪುಟ ಕೊಟ್ಟಿರಿ? ಮಿನುಗುತಾರೆ ಕಲ್ಪನಾ ಅಂದ ಕೂಡಲೇ ನಮ್ಮಲ್ಲಿ ಎಷ್ಟು ಜನ 1979ರ ಆ ಸಾವಿನ ಮಾತು ಎತ್ತುತ್ತಾರೆ, ಗಮನಿಸಿ. ‘ಬೆಳ್ಳಿಮೋಡ’ದ ಇಂದಿರಾ, ‘ಶರಪಂಜರ’ದ ಕಾವೇರಿ ನೆನಪಾಗುವುದು ಆಮೇಲೆ.

ಅಕ್ಕನ ಮಗಳು ಊರಿಗೆ ಹೊರಡುವ ಹಿಂದಿನ ರಾತ್ರಿ ಇಬ್ಬರೂ ಕೂತು 1959ರ ‘ಸಮ್ ಲೈಕ್ ಇಟ್ ಹಾಟ್’ ನೋಡಿದೆವು. ಅವಳು ಮೆರಿಲಿನ್‌ಳ ಒಂದು ಸಿನಿಮಾವನ್ನೂ ನೋಡಿರಲಿಲ್ಲ. ರೈಲಿನಲ್ಲಿ ವಾದ್ಯಗೋಷ್ಠಿಯ ಅಭ್ಯಾಸ ನಡೆಯುವ ದೃಶ್ಯ ಬಂತು. ಮೆರಿಲಿನ್ ಉಕುಲೆಲೆ ಬಾರಿಸುತ್ತಾ ಹಾಡುತ್ತಾಳೆ, ಕುಣಿಯುತ್ತಾಳೆ, ಬಚ್ಚಿಟ್ಟಿದ್ದ ಮದ್ಯದ ಸೀಸೆ ಟಪ್ಪಂತ ಕೆಳಗೆ ಬೀಳುತ್ತದೆ. ಆ ಒಂದು ಕ್ಷಣ ಅವಳ ಮುಖ. ಹುಡುಗಿ ಬಿದ್ದು ಬಿದ್ದು ನಕ್ಕಳು. ರಿಮೋಟ್ ಕಿತ್ತುಕೊಂಡು ಹಿಂದೆ ತಿರುಗಿಸಿ ಮತ್ತೆ ನೋಡಿದಳು. "ಚಿಕ್ಕಮ್ಮ, ಎಷ್ಟು ಚೆನ್ನಾಗಿ ಮಾಡ್ತಾಳೆ ಇವಳು!"

ಆ ಚಿತ್ರೀಕರಣದ ತಿಂಗಳುಗಳಲ್ಲಿ ಮೆರಿಲಿನ್ ಬಸುರಿಯಾಗಿದ್ದಳು. ಶೂಟಿಂಗ್ ಮುಗಿದ ಮುಂದಿನ ತಿಂಗಳು ಕಳೆದುಕೊಂಡದ್ದು ಆ ಮಗುವನ್ನೇ. ಸಿನಿಮಾ ಮುಗಿದು ಹೆಸರುಗಳು ಹೋಗುವವರೆಗೂ ಅದನ್ನು ನಾನು ಹೇಳಲಿಲ್ಲ.